ಬೇಲಿ ಸವರುವ ಬ್ಯಾಟರಿ ಯಂತ್ರ ಕೊಳ್ಳುವ ಮುನ್ನ



ಬುಧಗಾಂವ ಭಾಗದಲ್ಲಿ ಮನೆಯಂಗಳದ ಮದರಂಗಿ, ದಾಸವಾಳದ ಬೇಲಿ ಸವರಲು ಬ್ಯಾಟರಿ ಯಂತ್ರ ಕೊಳ್ಳುವವರು ಮೊದಲು ಅಲಗಿನ ಹಲ್ಲುಗಳ ನಡುವಿನ ಅಂತರ ನೋಡಿರಿ. ಸಾಮಾನ್ಯವಾಗಿ ಅದು 15ರಿಂದ 20 ಮಿ.ಮೀ. ಇರುತ್ತದೆ. ಅದಕ್ಕಿಂತ ದಪ್ಪನೆಯ ಟೊಂಗೆ ಒಳಗೇ ಹೋಗದು. ಕುಳೆ ಕಬ್ಬಿನ ಬುಡ ಸವರಲು ಇದಾದೀತೇ ಎಂಬ ಆಸೆ ಬೇಡ. ನಮ್ಮ ಕಬ್ಬು ಅದಕ್ಕಿಂತ ದಪ್ಪ. ಮೇಲಾಗಿ ನೆಲಮಟ್ಟಕ್ಕೆ ಕಡಿಯುವಾಗ ಮಣ್ಣು, ಕಲ್ಲು ತಾಗಿ ಅಲಗು ಕೆಡುತ್ತದೆ. ಆ ಕೆಲಸಕ್ಕೆ ಹರಿತವಾದ ಕೊಯ್ತಾವೇ ಸರಿ.

ಮನೆಬೇಲಿಗೆ 18 ವೋಲ್ಟ್ ಸಾಕು. ದೊಡ್ಡ ಬ್ಯಾಟರಿ ಹೆಚ್ಚು ಹೊತ್ತು ನಡೆದರೂ ತೋಳಿಗೆ ಭಾರ. ಅಂಗಡಿಯಲ್ಲಿಯೇ ಭುಜದೆತ್ತರಕ್ಕೆ ಎತ್ತಿ ಹಿಡಿದು ನೋಡಿರಿ. ಬೇಸಿಗೆಯಲ್ಲಿ ಬಿಸಿಯಾದ ಬ್ಯಾಟರಿಯನ್ನು ನೆರಳಲ್ಲಿ ಆರಿಸಿಯೇ ಚಾರ್ಜಿಗೆ ಹಾಕಿರಿ. ಟೊಂಗೆ ಸಿಕ್ಕಿಕೊಂಡರೆ ಬ್ಯಾಟರಿ ಕಳಚುವವರೆಗೆ ಅಲಗಿಗೆ ಕೈ ಹಚ್ಚಬೇಡಿರಿ.