ಡ್ರಮ್ಮಿನೊಳಗಿನ ಒದ್ದೆ

ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಗಳಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಅಂಗಡಿ ಯಾವುದು, ಬೀದಿ ಯಾವುದು ಎಂದು ಹೇಳುವುದು ಕಷ್ಟ. ಹಳೆಯ ಮಾರುತಿ 800 ಒಂದು ಚರಂಡಿಯ ಅಂಚಿಗೆ ನಿಂತಿದೆ. ಜಾಕಿಯನ್ನು ನಂಬದ ಮೆಕ್ಯಾನಿಕ್ ಉಸ್ತಾದರು ಆಕ್ಸಲ್ ಕೆಳಗೆ ಮರದ ದಿಮ್ಮಿಯನ್ನೂ ತುರುಕಿದ್ದಾರೆ. ಮಾಲೀಕರ ದೂರು ಇಷ್ಟೇ: ಪೆಡಲ್ ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಎರಡು ಮೂರು ಬಾರಿ ಒತ್ತಬೇಕು. ಮೊನ್ನೆ ತಾನೆ ಹೊಸ ಲೈನರ್ ಹಾಕಿಸಿದ್ದಾರಂತೆ.

ಉಸ್ತಾದರು ಮಾತಾಡದೆ ಎಡಗಡೆಯ ಹಿಂದಿನ ಚಕ್ರದ ಒಳಮೈಗೆ ಬೆರಳು ಒರೆಸಿ ತೋರಿಸಿದರು. ಕಪ್ಪು ಜಿಡ್ಡು.

ಡ್ರಮ್ ಕಳಚಿತು. ಹುಡುಗ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳನ್ನು ಏರ್ ಹೊಡೆದು ಊದಿಸುವವರು ಈಗಲೂ ಇದ್ದಾರೆ, ಅದು ಶ್ವಾಸಕೋಶಕ್ಕೆ ಮಾಡುವ ದ್ರೋಹ. ಸ್ಪ್ರಿಂಗ್ ಎಳೆದು ಎರಡೂ ಶೂ ಬಿಚ್ಚಿದ ಮೇಲೆ ಉಳಿದದ್ದು ವೀಲ್ ಸಿಲಿಂಡರ್. ಅದರ ತುದಿಯ ರಬ್ಬರ್ ಮುಸುಕನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ್ದೇ ತಡ, ಕಾಫಿ ಡಿಕಾಕ್ಷನ್ ಬಣ್ಣದ ದ್ರವ ತೊಟ್ಟಿಕ್ಕಿತು. ಹೊಸ ಲೈನರ್ ಅದರಲ್ಲೇ ನೆನೆದಿದೆ. ಇನ್ನು ಅದು ಹಿಡಿಯುವುದೆಲ್ಲಿಂದ?

ಸಿಲಿಂಡರಿನ ಒಳಗಿರುವುದು ಬಹಳ ಕಡಿಮೆ: ನಡುವೆ ಒಂದು ಸ್ಪ್ರಿಂಗ್, ಅದರ ಎರಡು ಬದಿಗೆ ರಬ್ಬರ್ ಕಪ್, ಆಚೆ ಪಿಸ್ಟನ್. ಪೆಡಲ್ ಒತ್ತಿದಾಗ ದ್ರವ ಎರಡೂ ಬದಿಯ ಪಿಸ್ಟನ್ನುಗಳನ್ನು ಹೊರಕ್ಕೆ ತಳ್ಳುತ್ತದೆ, ಶೂಗಳು ಡ್ರಮ್ಮಿಗೆ ಒತ್ತುತ್ತವೆ. ಕೇಡು ಹುಟ್ಟುವುದು ನೀರಿನಿಂದ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಳಗೋಡೆ ತುಕ್ಕು ಹಿಡಿದು ಗುಳಿ ಬೀಳುತ್ತದೆ. ಆ ಗುಳಿ ಕಪ್ಪಿನ ಅಂಚನ್ನು ಕೆರೆಯುತ್ತದೆ. ಉಸ್ತಾದರು ಕಿರುಬೆರಳಿನ ಉಗುರನ್ನು ಒಳಗೆ ಆಡಿಸಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಹೊಸ ರಬ್ಬರ್ ಕಪ್ಪುಗಳ ಕಿಟ್ ಸಾಕು. ಸಿಕ್ಕಿಕೊಂಡಿದ್ದರೆ ಸಿಲಿಂಡರನ್ನೇ ಬಿಸಾಕಬೇಕಿತ್ತು.

ಹುಡುಗ ಪೆಟ್ರೋಲ್ ಡಬ್ಬಿಗೆ ಕೈ ಹಾಕಿದ. "ಲೇ, ರಬ್ಬರ್ ಊದ್ಕೊಳತ್ತೆ! ಬ್ರೇಕ್ ಆಯಿಲಲ್ಲೇ ತೊಳಿ." ಪೆಟ್ರೋಲ್, ಸೀಮೆಎಣ್ಣೆ, ಗ್ರೀಸ್ ಮೂರೂ ಈ ಕಪ್ಪುಗಳಿಗೆ ಆಗುವುದಿಲ್ಲ. ಹೊಸ ಕಪ್ಪುಗಳ ಬಾಯಿ ದ್ರವದ ಕಡೆಗೇ ಇರಬೇಕು. ತಿರುವುಮುರುವಾದರೆ ಮತ್ತೆ ಸೋರಿಕೆ.

ಜೋಡಣೆ ಮುಗಿದ ಮೇಲೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವುದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದಲೇ ಶುರು. ಸಿಲಿಂಡರಿನ ಏರ್ ತೆಗೆಯುವ ನಿಪ್ಪಲಿಗೆ ಪಾರದರ್ಶಕ ಪೈಪು, ಅದರ ಇನ್ನೊಂದು ತುದಿ ಬಾಟಲಿಯ ಆಯಿಲಿನೊಳಗೆ.

"ಹೊಡಿ, ಹೊಡಿ, ಹೊಡಿ... ಹಿಡ್ಕೋ!"

"ಹಿಡ್ದೆ ಉಸ್ತಾದ್!"

ಸ್ಪ್ಯಾನರ್ ಕಾಲು ಸುತ್ತು ತಿರುಗುತ್ತದೆ, ಪೆಡಲ್ ಕುಸಿಯುತ್ತದೆ, ಪೈಪಿನಲ್ಲಿ ಗುಳ್ಳೆಗಳು ಓಡುತ್ತವೆ. ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಕ್ಕೆ. ಕೊನೆಗೆ ಗುಳ್ಳೆ ನಿಂತು ಪೆಡಲ್ ಗಟ್ಟಿಯಾಯಿತು. ಬಾಟಲಿಗೆ ಇಳಿದ ಆಯಿಲನ್ನು ಹುಡುಗ ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಗೆ ಸುರಿಯಲಿಲ್ಲ; ಒಳ್ಳೆಯ ಪಾಠವಾಗಿದೆ ಅವನಿಗೆ.

ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಆಯಿಲಿಗೆ ಆ ಮಿತಿ 140 ಡಿಗ್ರಿ ಮಾತ್ರ. ಚಾರ್ಮಾಡಿ ಘಾಟಿ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇಟ್ಟವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಮುಂದಿನ ಸಲ ಲೈನರ್ ಹಾಕಿಸುವಾಗ ಪಕ್ಕದಲ್ಲೇ ನಿಂತು, ಸಿಲಿಂಡರಿನ ರಬ್ಬರ್ ಎಬ್ಬಿಸಿ ತೋರಿಸಲು ಹೇಳಿ. ಒಳಗೆ ಆಯಿಲ್ ಕಂಡರೆ ಕಿಟ್ ಹಾಕಿಸದೆ ಗಾಡಿ ತೆಗೆದುಕೊಂಡು ಹೋಗಬೇಡಿ.