ದಿವಂಗತ ಎಸ್. ಎಂ. ಕೃಷ್ಣರು: ನಮ್ಮವರಿಗೆ ಅವರಿಂದಾದುದೇನು?

ಡೊಂಬಿವಲಿಯಿಂದ ದಿನವೂ ಬೆಳಗಿನ ಲೋಕಲ್ ಹಿಡಿದು ಮುಂಬಯಿಯ ಕಚೇರಿಗೆ ಹೋಗುವ ಗುಮಾಸ್ತ ಬಂಧುಗಳೊಬ್ಬರು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. "ಎಸ್. ಎಂ. ಕೃಷ್ಣರು ಮುಖ್ಯಮಂತ್ರಿಗಳಾದರು, ಇದೇ ಮಹಾರಾಷ್ಟ್ರದ ರಾಜ್ಯಪಾಲರಾದರು, ದೇಶದ ವಿದೇಶಾಂಗ ಮಂತ್ರಿಗಳೂ ಆದರು. ಎಲ್ಲವೂ ಸರಿಯೇ. ಆದರೆ ಹೋಟೆಲಿನಲ್ಲಿ ದುಡಿಯುವ, ಕಚೇರಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಅವರಿಂದಾದುದೇನು?" ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಅಂದು ಥಟ್ಟನೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಇಂದು ಇಲ್ಲಿ ಹೇಳಲು ಯತ್ನಿಸುತ್ತೇವೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಸೋಮನಹಳ್ಳಿಯಲ್ಲಿ 1932ರ ಮೇ 1ರಂದು ಶ್ರೀ ಕೃಷ್ಣರ ಜನನವಾಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ, ಬೆಂಗಳೂರಿನಲ್ಲಿ ಕಾನೂನು, ಆಮೇಲೆ ಅಮೇರಿಕೆಯ ಡಲ್ಲಾಸ್ ಮತ್ತು ವಾಷಿಂಗ್ಟನ್ ನಗರಗಳಲ್ಲಿ ಉನ್ನತ ವ್ಯಾಸಂಗ. 1960ರ ಅಮೇರಿಕದ ಅಧ್ಯಕ್ಷ ಚುನಾವಣೆಯಲ್ಲಿ ಈ ಹಳ್ಳಿಯ ತರುಣನು ಜಾನ್ ಕೆನಡಿಯವರ ಪರವಾಗಿ ಅಲ್ಲಿಯ ಭಾರತೀಯರಲ್ಲಿ ಪ್ರಚಾರ ಮಾಡಿದನೆಂಬುದೂ, ಕೆನಡಿಯವರು ಕೃತಜ್ಞತೆಯ ಪತ್ರ ಬರೆದರೆಂಬುದೂ ಪ್ರಸಿದ್ಧ ಸಂಗತಿ. ಸ್ವದೇಶಕ್ಕೆ ಮರಳಿದ ಕೃಷ್ಣರು 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಆಯ್ಕೆಯಾದರು. ಪ್ರಜಾ ಸಮಾಜವಾದಿ ಪಕ್ಷದಲ್ಲಿದ್ದು, ಬಳಿಕ ಕಾಂಗ್ರೆಸ್ಸಿಗೆ ಬಂದರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿ, ಮುಂದೆ ಇಂದಿರಾ ಗಾಂಧಿ ಮತ್ತು ರಾಜೀವ ಗಾಂಧಿಯವರ ಸರಕಾರಗಳಲ್ಲಿ ಸಚಿವರಾದರು. ವಿಧಾನಸಭೆಯ ಅಧ್ಯಕ್ಷ ಪೀಠವನ್ನೂ ಅಲಂಕರಿಸಿದರು. 1999ರ ಅಕ್ಟೋಬರದಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು.

ನಮಗೆ ಅವರು ಹತ್ತಿರದವರಾದುದು 2004ರಲ್ಲಿ. ಗಡಿ ವಿವಾದದ ಬಗ್ಗೆ ಮಹಾರಾಷ್ಟ್ರ ಸರಕಾರವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ್ದು ಅದೇ ವರುಷ. ಆ ವರುಷದ ಮೇ ತಿಂಗಳವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದವರು ಡಿಸೆಂಬರದಲ್ಲಿ ಮಲಬಾರ್ ಹಿಲ್ಲಿನ ರಾಜಭವನಕ್ಕೆ ರಾಜ್ಯಪಾಲರಾಗಿ ಬಂದರು! ಎರಡು ಮನೆಗಳ ನಡುವೆ ವ್ಯಾಜ್ಯವಿರುವಾಗ ಒಂದು ಮನೆಯ ಯಜಮಾನಿಕೆ ಬಿಟ್ಟವನು ಇನ್ನೊಂದು ಮನೆಯ ಹಿರಿಯನಾಗಿ ಕುಳಿತಂತೆ. ಗಡಿಯ ಮಾತು ಬಿಸಿಯೇರಿದಾಗಲೆಲ್ಲ ನಮ್ಮ ಹೋಟೆಲುಗಳ ಫಲಕಕ್ಕೆ ಎಲ್ಲಿ ಮಸಿ ಬೀಳುವುದೋ ಎಂಬ ಅಂಜಿಕೆ ನಮ್ಮವರಿಗೆ ಹೊಸತಲ್ಲ. ಆ ಸ್ಥಾನದಲ್ಲಿ ಕೃಷ್ಣರು 2008ರ ಮಾರ್ಚಿನವರೆಗೆ, ಮೂರು ವರುಷಕ್ಕೂ ಹೆಚ್ಚು ಕಾಲ, ಮಿತವಾದ ಮಾತಿನಿಂದ ನಡೆದುಕೊಂಡರು. ಪರರ ನೆಲದಲ್ಲಿ ಅನ್ನ ಉಣ್ಣುವವರು ಬಾಳಬೇಕಾದ ರೀತಿಯೂ ಅದೇ ಅಲ್ಲವೇ?

2009ರ ಮೇ ತಿಂಗಳಲ್ಲಿ ಅವರು ವಿದೇಶಾಂಗ ಮಂತ್ರಿಗಳಾದರು. ಆಸ್ಟ್ರೇಲಿಯದಲ್ಲಿ ನಮ್ಮ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದ ಕಾಲದಲ್ಲಿ ಸ್ವತಃ ಅಲ್ಲಿಗೆ ಹೋಗಿ ಮಾತುಕತೆ ನಡೆಸಿದರು. 2011ರಲ್ಲಿ ಲಿಬಿಯದಲ್ಲಿ ದಂಗೆ ಎದ್ದಾಗ, ಅಲ್ಲಿ ಕೂಲಿನಾಲಿ ಮಾಡಿಕೊಂಡಿದ್ದವರೂ ಸೇರಿ 15 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ವಿಮಾನ ಮತ್ತು ಹಡಗುಗಳಲ್ಲಿ ಸರಕಾರವು ತಾಯ್ನಾಡಿಗೆ ಕರೆತಂದುದು ಅವರ ಕಾಲದಲ್ಲಿಯೇ. ಪಾಕಿಸ್ತಾನದೊಡನೆ ವೀಸಾ ನಿಯಮಗಳನ್ನು ಸಡಿಲಿಸುವ ಒಪ್ಪಂದಕ್ಕೆ 2012ರ ಸೆಪ್ಟೆಂಬರದಲ್ಲಿ ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು. ಅವರ ಎಡವಟ್ಟುಗಳನ್ನೂ ಮರೆಮಾಚಬಾರದು. 2011ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪೋರ್ತುಗಲ್ ಮಂತ್ರಿಯ ಭಾಷಣವನ್ನು ತಮ್ಮದೆಂದು ಬಗೆದು ಕೆಲವು ನಿಮಿಷ ಓದಿಬಿಟ್ಟರು. ಬಳಿ ಇದ್ದ ನಮ್ಮ ರಾಯಭಾರಿಗಳು ಎಚ್ಚರಿಸಬೇಕಾಯಿತು. ಜಗತ್ತು ನಕ್ಕಿತು. ಮರುವರುಷ ಅಕ್ಟೋಬರದಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಇತ್ತರು.

ಇಷ್ಟಾದರೂ ನಮ್ಮ ಗುಮಾಸ್ತ ಬಂಧುವಿನ ಪ್ರಶ್ನೆಗೆ ಉತ್ತರವು ರಾಜಭವನದಲ್ಲಿಯೂ ಇಲ್ಲ, ನ್ಯೂಯಾರ್ಕಿನಲ್ಲಿಯೂ ಇಲ್ಲ. ಅದನ್ನು ಅವರು ಕರ್ನಾಟಕವನ್ನಾಳಿದ ನಾಲ್ಕೂವರೆ ವರುಷಗಳಲ್ಲಿ ಹುಡುಕಬೇಕು. ಆ ಆಳ್ವಿಕೆಯೂ ಸುಖದ್ದಾಗಿರಲಿಲ್ಲ. 2000ದಲ್ಲಿ ವರನಟ ಡಾ. ರಾಜಕುಮಾರರು 108 ದಿನ ವೀರಪ್ಪನ್ನನ ಸೆರೆಯಲ್ಲಿದ್ದರು. ಬೆನ್ನುಬೆನ್ನಿಗೆ ಬರಗಾಲ ಬಂದಿತು. ಕಾವೇರಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಬೇಕಾಯಿತು. ಬೆಂಗಳೂರನ್ನು ಸಿಂಗಾಪುರ ಮಾಡಹೊರಟವರು ಹಳ್ಳಿಯನ್ನು ಮರೆತರೆಂದು ಜನರು ದೂರಿದರು. 2004ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ದೊರೆತವು 65 ಮಾತ್ರ.

ಆದರೆ ಆ ಕಾಲದ ಎರಡು ಕೆಲಸಗಳು ನಮ್ಮವರ ಬಾಗಿಲಿಗೇ ಬಂದವು. ಒಂದು 'ಭೂಮಿ' ಯೋಜನೆ. ಸುಮಾರು 67 ಲಕ್ಷ ರೈತರ ಜಮೀನಿನ 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಏರಿದವು. ಕೆಲಸವು ಅವರಿಗಿಂತ ಮೊದಲೇ ಆರಂಭವಾಗಿದ್ದರೂ ರಾಜ್ಯವ್ಯಾಪಿಯಾದುದು ಅವರ ಕಾಲದಲ್ಲಿ. ವರುಷಕ್ಕೊಮ್ಮೆ ಹದಿನೈದು ದಿನ ರಜೆ ಪಡೆದು ಊರಿಗೆ ಹೋಗುವ ನಮ್ಮವನು ಅರ್ಧ ರಜೆಯನ್ನು ಪಹಣಿಗಾಗಿ ಅಲೆಯುವುದರಲ್ಲೇ ಕಳೆಯುತ್ತಿದ್ದ. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆಯುವಂತಾದುದು ಸಣ್ಣ ಮಾತೇನು?

ಇನ್ನೊಂದು ಕೆಲಸದ ಬಗ್ಗೆ ಬರೆಯುವಾಗ ನಾವು ತಲೆತಗ್ಗಿಸಬೇಕಾಗಿದೆ. ನಾವು ಠಾಣೆಯಲ್ಲಿ ಹೊಸತಾಗಿ ಹೋಟೆಲು ತೆರೆದಿದ್ದ ದಿನಗಳು. ಊರಿನವರೊಬ್ಬರು ಹನ್ನೆರಡರ ಹುಡುಗನೊಬ್ಬನನ್ನು ಕರೆತಂದು ಗಲ್ಲೆಯ ಮುಂದೆ ನಿಲ್ಲಿಸಿದರು.

"ಎಷ್ಟನೇ ಕ್ಲಾಸು ಕಲ್ತಿದ್ದಿ?" ಎಂದೆವು.

"ನಾಲ್ಕು, ಧಣಿ."

"ಶಾಲೆ ಯಾಕೆ ಬಿಟ್ಟೆ?"

"ಇಲ್ಲಿ ಮೂರು ಹೊತ್ತು ಊಟ ಉಂಟಂತೆ."

ಕಪ್ಪುಬಸಿ ತೊಳೆಯಲು ಅವನನ್ನು ಇಟ್ಟುಕೊಂಡೆವು. ಬಡ ಹುಡುಗನೊಬ್ಬನಿಗೆ ಅನ್ನ ಹಾಕಿದೆವೆಂದು ಅಂದು ನಮಗೆ ಹೆಮ್ಮೆಯೂ ಆಗಿತ್ತು. ಎಸ್.ಎಸ್.ಎಲ್.ಸಿ.ಯಿಂದಾಚೆ ಓದದ ನಮಗೆ, ಆ ಮಟ್ಟಿನ ಓದೂ ಅವನಿಗೆ ತಪ್ಪಿತೆಂಬುದು ಹೊಳೆಯಲಿಲ್ಲ. ಅಡುಗೆಮನೆಯ ಹಿಂದಿನ ಮೋರಿಯ ಬಳಿ ಅವನು ಬಾಲ್ಯವನ್ನು ತೊಳೆದು ಮುಗಿಸಿದ.

ಶಾಲಾ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರದಲ್ಲಿ ರಾಜ್ಯಗಳಿಗೆ ಆಜ್ಞೆ ಮಾಡಿತು. ತಮಿಳುನಾಡು ದಶಕಗಳ ಹಿಂದೆಯೇ ಈ ದಾರಿಯನ್ನು ತೋರಿಸಿತ್ತು. ಕರ್ನಾಟಕದಲ್ಲಿ ಕೃಷ್ಣರ ಸರಕಾರವು 2002ರಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಮೊದಲಾದ 7 ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ'ವನ್ನು ಆರಂಭಿಸಿ, ಮರುವರುಷ ನಮ್ಮ ಕರಾವಳಿಯೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಮೊದಲಿಗೆ ಐದನೆಯ ತರಗತಿಯವರೆಗೆ ಇದ್ದುದು ಮುಂದಿನ ಸರಕಾರಗಳ ಕಾಲದಲ್ಲಿ ಹತ್ತನೆಯವರೆಗೆ ಬೆಳೆಯಿತು. 2006ರ ಅಕ್ಟೋಬರ 10ರಿಂದ 14ರೊಳಗಿನ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನಿಂದ ನಿಷಿದ್ಧವಾಯಿತು. ಕಾನೂನು ನಮ್ಮ ಬಾಗಿಲನ್ನು ಮುಚ್ಚಿತು. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಹಸಿವು ಹೋಗುವುದಿಲ್ಲ. ಊರಿನ ಶಾಲೆಯಲ್ಲಿ ತಟ್ಟೆ ಇಟ್ಟದ್ದರಿಂದಲೇ ಆ ಕಾನೂನಿಗೆ ಅರ್ಥ ಬಂದಿತು.

ಈಗ ಊರಿನಿಂದ ನಮ್ಮ ಹೋಟೆಲುಗಳಿಗೆ ಬರುವ ಹುಡುಗರು ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿ, ಮೀಸೆ ಮೂಡಿದ ಮೇಲೆ ಬರುವವರು. ಪಗಾರವೆಷ್ಟೆಂದು ಕೇಳುತ್ತಾರೆ, ವಾರದ ರಜೆ ಕೇಳುತ್ತಾರೆ. ಒಗ್ಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಆಳು ಸಿಗುವುದಿಲ್ಲವೆಂದು ಕಲ್ಯಾಣದಲ್ಲಿಯೂ ವಾಶಿಯಲ್ಲಿಯೂ ನಮ್ಮ ಹೋಟೆಲು ಮಾಲಿಕ ಮಿತ್ರರು ಗೊಣಗುವುದುಂಟು. ಆ ಗೊಣಗಾಟದಲ್ಲಿ ನಾವೂ ಪಾಲುದಾರರಾಗಿದ್ದವರು. ಇದೆಲ್ಲವೂ ಕೃಷ್ಣರೊಬ್ಬರಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಅವರು ಇಟ್ಟ ತಟ್ಟೆಯನ್ನು ಆಮೇಲೆ ಬಂದ ಯಾವ ಪಕ್ಷದವರೂ ಎತ್ತಲಿಲ್ಲ. ರಾಜಕಾರಣಿಯ ಪ್ರಭಾವವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನಮಗೆ ತಿಳಿಯದು.

ಕೃಷ್ಣರು 2017ರಲ್ಲಿ ಕಾಂಗ್ರೆಸ್ಸನ್ನು ತೊರೆದು ಭಾರತೀಯ ಜನತಾ ಪಕ್ಷವನ್ನು ಸೇರಿದರು. 2023ರಲ್ಲಿ ಪದ್ಮವಿಭೂಷಣ ದೊರೆಯಿತು. 2024ರ ಡಿಸೆಂಬರ 10ರಂದು ತಮ್ಮ 92ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟೂರಾದ ಸೋಮನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು.

ಗುಮಾಸ್ತ ಬಂಧುಗಳೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ನಮ್ಮ ಗಲ್ಲೆಯ ಮುಂದೆ ನಿಲ್ಲಬೇಕಾಗಿದ್ದ ಅದೆಷ್ಟೋ ಹುಡುಗರು ಇಲ್ಲಿಗೆ ಬರಲೇ ಇಲ್ಲ. ಹೋಟೆಲು ಬಂಧುಗಳಿಗೂ ಒಂದು ಮಾತು ಹೇಳಬೇಕಾಗಿದೆ. ಇಂದು ನಮ್ಮ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವವರಲ್ಲಿ ಅನೇಕರು ದೂರದ ಬೇರೆ ರಾಜ್ಯಗಳಿಂದ ಬಂದವರು. ಹೊಸ ಹುಡುಗನೊಬ್ಬ ಬಂದು ನಿಂತಾಗ ಅವನ ವಯಸ್ಸೆಷ್ಟು, ಶಾಲೆ ಏಕೆ ಬಿಟ್ಟನೆಂದು ಕೇಳೋಣ. ಅಂದು ನಾವೂ ಕೇಳಿದ್ದೆವು. ಉತ್ತರವನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.