ಗ್ಯಾಸ್ ಗೀಸರ್: ಬಚ್ಚಲುಮನೆಯ ಗಾಳಿಯ ಲೆಕ್ಕ

ಗ್ಯಾಸ್ ಗೀಸರ್ ಎಂದರೆ ಗೋಡೆಗೆ ತೂಗುಹಾಕಿದ ಒಲೆ. ನಲ್ಲಿ ತಿರುಗಿಸಿದ ಕೂಡಲೇ ನೀರಿನ ಒತ್ತಡಕ್ಕೆ ಒಳಗಿನ ರಬ್ಬರ್ ಪೊರೆ ಉಬ್ಬಿ ಗ್ಯಾಸಿನ ವಾಲ್ವ್ ತೆರೆದುಕೊಳ್ಳುತ್ತದೆ. ಎರಡು ದಪ್ಪ ಸೆಲ್‌ಗಳ ಕಿಡಿ ಬರ್ನರ್ ಹೊತ್ತಿಸುತ್ತದೆ. ಮೇಲಿನ ತಾಮ್ರದ ಕೊಳವೆಯೊಳಗಿನ ನೀರು ಹರಿಯುತ್ತಲೇ ಕಾಯುತ್ತದೆ. ಕರೆಂಟ್ ಹೋದಾಗಲೂ ಬಿಸಿನೀರು ಸಿಗುತ್ತದೆ, ಕಾಯುತ್ತ ಕೂರಬೇಕಿಲ್ಲ, ಬೆಲೆಯೂ ಕೈಗೆಟುಕುವಂಥದ್ದು. ಹಾಗಾಗಿಯೇ ಬೆಂಗಳೂರಿನ ಬಾಡಿಗೆ ಮನೆಗಳಿಂದ ತಾಲ್ಲೂಕು ಕೇಂದ್ರಗಳವರೆಗೆ ಅದು ಬಚ್ಚಲುಮನೆ ಸೇರಿದೆ. ಅಡುಗೆ ಒಲೆಗೂ ಗೀಸರಿಗೂ ಮುಖ್ಯ ವ್ಯತ್ಯಾಸ ಎರಡು. ಅಡುಗೆ ಒಲೆಯ ಒಂದು ಬರ್ನರಿಗಿಂತ ಗೀಸರ್ ಐದಾರು ಪಟ್ಟು ಹೆಚ್ಚು ಗ್ಯಾಸ್ ಉರಿಸುತ್ತದೆ. ಅದನ್ನು ಉರಿಸುವುದು ಮನೆಯ ಅತಿ ಚಿಕ್ಕ ಕೋಣೆಯಲ್ಲಿ, ಅದೂ ಒಳಗಿನಿಂದ ಚಿಲಕ ಹಾಕಿಕೊಂಡು.

ಇಲ್ಲಿ ಮಾರಾಟವಾಗುವ ಸಣ್ಣ ಮಾದರಿಗಳಲ್ಲಿ ಬಹುಪಾಲಿಗೆ ಹೊಗೆ ಕೊಳವೆ ಇರುವುದಿಲ್ಲ. ಉರಿದು ಹೊರಬರುವ ಅನಿಲವೆಲ್ಲ ಪೆಟ್ಟಿಗೆಯ ಮೇಲ್ಭಾಗದ ಕಿಂಡಿಯಿಂದ ನೇರ ಕೋಣೆಗೇ ಬರುತ್ತದೆ. ಈ ದೋಷ ಗೀಸರಿನಷ್ಟೇ ಹಳೆಯದು: ಲಂಡನ್ನಿನ ಬೆಂಜಮಿನ್ ವಾಡಿ ಮಾನ್ 1868ರಲ್ಲಿ ಪೇಟೆಂಟ್ ಪಡೆದ ಮೊದಲ ಗೀಸರಿಗೂ ಹೊಗೆ ಹೊರಹೋಗುವ ದಾರಿ ಇರಲಿಲ್ಲ. ಕರ್ನಾಟಕದ ಹಳೆಯ ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಬಾಯಿ ಹಲವೆಡೆ ಹೊರಗೋಡೆಯಲ್ಲೇ ಇರುತ್ತಿತ್ತು. ಇಲ್ಲವಾದರೆ ಹೆಂಚಿನ ಸಂದುಗಳಿಂದ, ಗವಾಕ್ಷಿಯಿಂದ ಹೊಗೆ ಹೊರಬೀಳುತ್ತಿತ್ತು. ಕಣ್ಣು ಉರಿಸುವ ಸೌದೆ ಹೊಗೆಯೇ ಎಚ್ಚರಿಕೆಯನ್ನೂ ಕೊಡುತ್ತಿತ್ತು. ನೆಲದಿಂದ ಚಾವಣಿವರೆಗೆ ಟೈಲ್ಸ್ ಹಾಕಿ, ಆರ್‌ಸಿಸಿ ಸೂರಿನಡಿ ಕಟ್ಟಿದ ಬಾತ್‌ರೂಮಿನಲ್ಲಿ ಆ ಸಂದುಗಳಿಲ್ಲ, ಗ್ಯಾಸಿನ ಉರಿಗೆ ಕಣ್ಣಿಗೆ ಕಾಣುವ ಹೊಗೆಯೂ ಇಲ್ಲ.

ಉರಿಗೆ ಎಷ್ಟು ಗಾಳಿ ಬೇಕು?

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 10 ಕಿಲೋವ್ಯಾಟ್‌ಗೂ ಹೆಚ್ಚು ಶಾಖ ನೀರಿಗೆ ಸೇರಬೇಕು. ಸೋರಿಹೋಗುವ ಶಾಖವನ್ನೂ ಸೇರಿಸಿದರೆ ಬರ್ನರಿನ ಶಕ್ತಿ ಸುಮಾರು 12 ಕಿಲೋವ್ಯಾಟ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 1 ಕೆ.ಜಿ. ಗ್ಯಾಸ್. ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತ ಎಲ್‌ಪಿಜಿ 1 ಕೆ.ಜಿ. ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಉರಿದ ಮೇಲೆ ಅದರಿಂದ ಸುಮಾರು 3 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಮತ್ತು 1.6 ಕೆ.ಜಿ. ನೀರಾವಿ ಹುಟ್ಟುತ್ತವೆ.

5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರುವುದು 280 ಘನ ಅಡಿ, ಅಂದರೆ 8 ಘನ ಮೀಟರಿನಷ್ಟು ಗಾಳಿ. ಕಾಲು ಗಂಟೆ ಉರಿಯುವ ಗೀಸರಿಗೆ 3 ಘನ ಮೀಟರ್ ಬೇಕು. ಹೊರಗಾಳಿ ಸ್ವಲ್ಪವೂ ಬರದಿದ್ದರೆ, ಶೇಕಡ 21ರಷ್ಟಿರುವ ಆಮ್ಲಜನಕ ಐದಾರು ನಿಮಿಷದಲ್ಲೇ ಶೇಕಡ 18ರ ಹತ್ತಿರಕ್ಕೆ ಇಳಿಯುತ್ತದೆ. ಬಾಗಿಲ ಸಂದಿಯಿಂದ ನುಸುಳುವ ಗಾಳಿ ಆ ಹೊತ್ತನ್ನು ಕೊಂಚ ಮುಂದಕ್ಕೆ ತಳ್ಳುತ್ತದೆ, ಅಷ್ಟೆ.

ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿಯುತ್ತದೆ. ಇಂಗಾಲದ ಡೈ ಆಕ್ಸೈಡ್ ಆಗಬೇಕಾದದ್ದು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಬೀಳುತ್ತದೆ. ತಾನೇ ಕೆಡಿಸಿದ ಗಾಳಿಯನ್ನು ಬರ್ನರ್ ಮತ್ತೆ ಎಳೆದುಕೊಳ್ಳುವುದರಿಂದ ನಿಮಿಷದಿಂದ ನಿಮಿಷಕ್ಕೆ ಉರಿ ಇನ್ನಷ್ಟು ಕೆಡುತ್ತದೆ. ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಕೊನೆಯವರಿಗೆ ಸಿಗುವುದು ಅತಿ ಕೆಟ್ಟ ಗಾಳಿ. ಚಳಿಗಾಲದಲ್ಲಿ ಅಪಾಯ ಹೆಚ್ಚು: ನೀರು ಹೆಚ್ಚು ತಣ್ಣಗಿರುವುದರಿಂದ ಗೀಸರ್ ಹೆಚ್ಚು ಹೊತ್ತು ಉರಿಯುತ್ತದೆ, ಕುಳಿರ್ಗಾಳಿ ಬರದಂತೆ ವೆಂಟಿಲೇಟರಿಗೆ ರಟ್ಟು ತುರುಕಲಾಗಿರುತ್ತದೆ.

ವಾಸನೆ ಇಲ್ಲದ ವಿಷ

ಗ್ಯಾಸ್ ಸೋರಿದರೆ ವಾಸನೆ ಬಂದೇ ಬರುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಎಲ್‌ಪಿಜಿಗೆ ಆ ನಾತ ಬರುವುದು ಬೆರೆಸಿದ ಈಥೈಲ್ ಮರ್ಕಾಪ್ಟನ್‌ನಿಂದ. ಉರಿಯಲ್ಲಿ ಅದೂ ಸುಟ್ಟುಹೋಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕೆಮ್ಮು, ಕಣ್ಣುರಿಯೂ ಬರುವುದಿಲ್ಲ.

ಅದು ಕೊಲ್ಲುವ ಬಗೆಯನ್ನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬರ್ನಾರ್ 19ನೇ ಶತಮಾನದಲ್ಲೇ ವಿವರಿಸಿದ್ದರು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಾಗೆ ತುಂಬಿಹೋದ ರಕ್ತ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಒಯ್ಯಲಾರದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 200 ಪಾಲಿದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು ಬರುತ್ತದೆ. 1600 ಪಾಲಿದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆಸುತ್ತು, ವಾಕರಿಕೆ ಶುರುವಾಗಿ ಗಂಟೆಯೊಳಗೆ ಪ್ರಾಣಕ್ಕೆ ಕುತ್ತು. 3200 ದಾಟಿದರೆ ಅರ್ಧ ಗಂಟೆಯೂ ಸಿಗುವುದಿಲ್ಲ. ಗರ್ಭಿಣಿಯರಿಗೆ ಅಪಾಯ ಇನ್ನೂ ಹೆಚ್ಚು. ಭ್ರೂಣದ ಹಿಮೋಗ್ಲೋಬಿನ್ ಈ ವಿಷವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ಮೊದಲು ಸೋಲುವುದು ಕೈಕಾಲು. ಏನೋ ಸರಿಯಿಲ್ಲ ಎಂದು ತಿಳಿಯುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ತ್ರಾಣವೇ ಉಳಿದಿರುವುದಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುವುದು, ಕೈಕಾಲು ಸೆಟೆದುಕೊಳ್ಳುವುದು ಮೂರ್ಛೆರೋಗದಂತೆಯೇ ಕಾಣುತ್ತದೆ. ಭಾರತದ ನರರೋಗ ತಜ್ಞರು ಇದನ್ನು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಕರೆದಿದ್ದಾರೆ.

ಗೀಸರಿನ ಜಾಗ ಹೊರಗೆ

ಹೊಗೆ ಕೊಳವೆ ಇಲ್ಲದ ಗೀಸರಿಗೆ ಸರಿಯಾದ ಜಾಗ ಬಾತ್‌ರೂಮಿನ ಹೊರಗೆ, ಒಂದು ಬದಿಯಾದರೂ ಸದಾ ಬಯಲಿಗೆ ತೆರೆದಿರುವಲ್ಲಿ: ಗ್ರಿಲ್ ಹಾಕಿದ ಬಾಲ್ಕನಿ, ಪಾತ್ರೆ ತೊಳೆಯುವ ಯುಟಿಲಿಟಿ, ಹಿತ್ತಿಲ ಗೋಡೆ. ಅಲ್ಲಿಂದ ಸಿಪಿವಿಸಿ ಅಥವಾ ಜಿಐ ಪೈಪಿನಲ್ಲಿ ಬಿಸಿನೀರನ್ನಷ್ಟೇ ಒಳಗೆ ತರಬೇಕು. ತಣ್ಣೀರಿನ ಮಾಮೂಲಿ ಪಿವಿಸಿ ಪೈಪು ಬಿಸಿಗೆ ಮೆತ್ತಗಾಗುತ್ತದೆ. ಪೈಪು ಉದ್ದವಾದರೆ ಮೊದಲೆರಡು ಚೊಂಬು ತಣ್ಣೀರು ಬರುತ್ತದೆ, ನಷ್ಟವೆಂದರೆ ಅಷ್ಟೇ.

ಅಪಾರ್ಟ್‌ಮೆಂಟುಗಳಲ್ಲಿ ಪೈಪುಗಳು ಇಳಿಯುವ ಡಕ್ಟಿನೊಳಗೆ ಗೀಸರ್ ಕೂರಿಸುವುದು ಸರಿಯಲ್ಲ. ಎಲ್ಲ ಮಹಡಿಗಳ ಬಾತ್‌ರೂಮ್ ವೆಂಟಿಲೇಟರುಗಳೂ ಅದೇ ಡಕ್ಟಿಗೆ ತೆರೆದಿರುತ್ತವೆ. ಕೆಳಗಿನ ಮನೆಯ ಬಿಸಿ ಅನಿಲ ಮೇಲೇರಿ ಮೇಲಿನ ಮನೆಯ ಬಚ್ಚಲು ಹೊಗುತ್ತದೆ. ಬಾಲ್ಕನಿಗೆ ಆಮೇಲೆ ಗಾಜಿನ ಸ್ಲೈಡಿಂಗ್ ಕಿಟಕಿ ಹಾಕಿಸಿದರೆ ಅದೂ ಇನ್ನೊಂದು ಮುಚ್ಚಿದ ಕೋಣೆಯೇ.

ಸಿಲಿಂಡರ್ ಕೂಡ ಹೊರಗೇ ಇರಬೇಕು, ನೆಟ್ಟಗೆ ನಿಂತಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಮೋರಿಯಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಸಿಲಿಂಡರ್ ಇರುವಲ್ಲಿ ನೆಲಮಟ್ಟದಲ್ಲೇ ಗಾಳಿ ಹೊರಹೋಗುವ ದಾರಿ ಬೇಕು. ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಅದಕ್ಕೂ ಮೊದಲೇ. ಜೋಡಣೆ ಮುಗಿದ ಮೇಲೆ ಪ್ರತಿ ಕೂಡುಗಂಟಿಗೂ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವಂತಿಲ್ಲ.

ಬೆಂಗಳೂರಿನ ಹಲವು ಬಡಾವಣೆಗಳಿಗೆ ಬಂದಿರುವ ಕೊಳವೆ ಗ್ಯಾಸ್ ಬೇರೆಯೇ ಬಗೆಯದು. ಅದು ಮುಖ್ಯವಾಗಿ ಮೀಥೇನ್. ಗಾಳಿಗಿಂತ ಹಗುರ, ಒತ್ತಡವೂ ಬೇರೆ. ಎಲ್‌ಪಿಜಿ ಗೀಸರನ್ನು ಅದಕ್ಕೆ ಹಾಗೆಯೇ ಜೋಡಿಸಬಾರದು. ಕಂಪನಿ ಒಪ್ಪಿದ ಮಾದರಿಗೆ ಮಾತ್ರ, ನುರಿತ ತಂತ್ರಜ್ಞರಿಂದ ನಾಜಲ್ ಬದಲಾಯಿಸಿಕೊಳ್ಳಬೇಕು. ಕೊಳ್ಳುವಾಗ ಎಲ್‌ಪಿಜಿಯ ಸಣ್ಣ ಗೀಸರುಗಳಿಗೆ ಭಾರತೀಯ ಮಾನಕ ಬ್ಯೂರೋ ರೂಪಿಸಿರುವ ಐಎಸ್ 15558 ಮಾನಕದ ಗುರುತು ಇದೆಯೇ ಎಂದು ನೋಡಬೇಕು. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ, ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಅನೇಕ ಮಾದರಿಗಳಲ್ಲಿದೆ. ಕೆಟ್ಟ ಗಾಳಿಯಲ್ಲಿ ಇಪ್ಪತ್ತು ನಿಮಿಷವೇ ದೀರ್ಘಕಾಲ ಎಂಬುದನ್ನು ಮೇಲಿನ ಲೆಕ್ಕ ತೋರಿಸುತ್ತದೆ.

ಈಗಾಗಲೇ ಒಳಗಿದ್ದರೆ

ಸ್ಥಳಾಂತರಿಸುವವರೆಗೆ ಪಾಲಿಸಬೇಕಾದ ಕ್ರಮ ಸರಳ. ಬಾಗಿಲು ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸುವುದು, ಗೀಸರ್ ಆರಿಸಿ ರೆಗ್ಯುಲೇಟರ್ ಬಂದ್ ಮಾಡುವುದು, ಕೆಲವು ನಿಮಿಷ ಗಾಳಿಯಾಡಲು ಬಿಡುವುದು, ಆಮೇಲೆ ಒಳಹೊಕ್ಕು ಬಾಗಿಲು ಹಾಕುವುದು. ಬಕೆಟ್ ಚೊಂಬಿನ ಸ್ನಾನಕ್ಕೆ ಇದರಿಂದ ತೊಡಕಿಲ್ಲ. ತೊಡಕಾಗುವುದು ಶವರಿಗೆ, ಗೀಸರ್ ಒಳಗಿರುವಾಗ ಉರಿ ಹಚ್ಚಿಟ್ಟು ಶವರಿನಡಿ ನಿಲ್ಲುವುದನ್ನು ಬಿಡಲೇಬೇಕು. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಬೇಕು.

ಗಾಳಿಯ ಕಿಂಡಿ ಎರಡು ಬೇಕು: ಒಂದು ಚಾವಣಿಯ ಹತ್ತಿರ, ಇನ್ನೊಂದು ನೆಲದ ಹತ್ತಿರ. ಬಿಸಿಯಾದ ಅನಿಲ ಮೇಲಿನಿಂದ ಹೊರಹೋದಾಗ ತಾಜಾ ಗಾಳಿ ಕೆಳಗಿನಿಂದ ಒಳಬರುತ್ತದೆ. ಕೆಳಗಿನ ದಾರಿ ಇಲ್ಲದೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಸದ್ದು ಮಾಡುತ್ತದೆಯೇ ಹೊರತು ಗಾಳಿ ಸಾಕಷ್ಟು ಬದಲಾಗದು. ಸೊಳ್ಳೆಪರದೆಗೆ ಧೂಳು, ಜೇಡರಬಲೆ ಕಟ್ಟಿಕೊಂಡರೆ ತೆರೆದ ಕಿಂಡಿಯೂ ಅರ್ಧ ಮುಚ್ಚಿದಂತೆ. ಇಷ್ಟೆಲ್ಲ ಇದ್ದರೂ ಇದು ತಾತ್ಕಾಲಿಕ ಏರ್ಪಾಡು. ಗೀಸರ್ ಹೊರಗಿಡುವುದಕ್ಕೆ ಬದಲಿಯಲ್ಲ.

ಜ್ವಾಲೆಯ ಬಣ್ಣವನ್ನು ಆಗಾಗ ಗಮನಿಸಬೇಕು. ನೀಲಿ, ಅಲುಗಾಡದ ಜ್ವಾಲೆ ಒಳ್ಳೆಯ ಉರಿಯ ಗುರುತು. ಹಳದಿ ತುದಿ, ಪೆಟ್ಟಿಗೆಯ ಮೇಲೆ ಮಸಿ, ಹೊತ್ತಿಕೊಳ್ಳುವಾಗ ಢಬ್ ಎಂಬ ಸದ್ದು ಕಂಡರೆ ಬಳಕೆ ನಿಲ್ಲಿಸಬೇಕು. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ಹೊರಗಿನ ರೆಕ್ಕೆಗಳ ನಡುವೆ ಮಸಿ ಕೂರುತ್ತದೆ. ಮಸಿ ಅನಿಲದ ದಾರಿಯನ್ನೇ ಅಡ್ಡಗಟ್ಟುವುದರಿಂದ ವರ್ಷಕ್ಕೊಮ್ಮೆ ಸರ್ವಿಸ್ ಬೇಕೇ ಬೇಕು. ಜ್ವಾಲೆ ನೀಲಿಯಾಗಿದ್ದ ಮಾತ್ರಕ್ಕೆ ವಿಷವಿಲ್ಲ ಎನ್ನುವಂತೆಯೂ ಇಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೆಚ್ಚುವರಿ ರಕ್ಷಣೆ ಕೊಡುತ್ತದೆ, ಅದರ ಸೆನ್ಸರಿಗೂ ಆಯುಸ್ಸಿದೆ. ಅಲಾರಂ ಮೇಲಿನ ದಿನಾಂಕ ದಾಟಿದ ಮೇಲೆ ಅದನ್ನು ನಂಬಬಾರದು.

ಕೋಣೆ ಬೆಚ್ಚಗಿಡುವ ಹೀಟರ್

ಹೊಗೆ ಕೊಳವೆಯಿಲ್ಲದ ಗ್ಯಾಸ್ ರೂಮ್ ಹೀಟರಿಗೂ ಇದೇ ಲೆಕ್ಕ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಇವು ಬಳಕೆಯಲ್ಲಿವೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ನಿಷಿದ್ಧ. ಇವಕ್ಕೆ ಅವಕಾಶವಿರುವೆಡೆ ಅಮೆರಿಕದ ಗ್ಯಾಸ್ ಸಂಹಿತೆ ಬಾತ್‌ರೂಮಿನಲ್ಲಿ ಗಂಟೆಗೆ 6000 ಬಿಟಿಯು, ಅಂದರೆ 1.8 ಕಿಲೋವ್ಯಾಟ್ ಮೀರದ ಒಂದೇ ಒಂದು ಗೋಡೆ ಹೀಟರಿಗೆ, ಮಲಗುವ ಕೋಣೆಯಲ್ಲಿ 10,000 ಬಿಟಿಯು ಮೀರದ ಹೀಟರಿಗೆ ಮಾತ್ರ ಅವಕಾಶ ಕೊಡುತ್ತದೆ. ಆಮ್ಲಜನಕ ಶೇಕಡ 18ರ ಆಸುಪಾಸಿಗೆ ಇಳಿದರೆ ಗ್ಯಾಸ್ ಕಡಿಯುವ ಸಂವೇದಕವೂ ಕಡ್ಡಾಯ. ಪ್ರತಿ 1000 ಬಿಟಿಯುಗೆ 50 ಘನ ಅಡಿಗಿಂತ ಕಡಿಮೆ ಗಾಳಿಯಿರುವ ಕೋಣೆ ಅಲ್ಲಿ ಇಕ್ಕಟ್ಟಿನ ಜಾಗ ಎನಿಸಿಕೊಳ್ಳುತ್ತದೆ. ಈ ಅಳತೆಯಲ್ಲಿ 12 ಕಿಲೋವ್ಯಾಟ್ ಗೀಸರಿಗೆ ಸುಮಾರು 2000 ಘನ ಅಡಿ ಬೇಕು: 10 ಅಡಿ ಎತ್ತರದ, 20 ಅಡಿ ಉದ್ದ 10 ಅಡಿ ಅಗಲದ ಹಾಲಿನಷ್ಟು. ಬಾತ್‌ರೂಮಿನಲ್ಲಿರುವುದು ಅದರ ಏಳನೇ ಒಂದು ಪಾಲು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಬಾಡಿಗೆ ಮನೆ ಹಿಡಿಯುವಾಗ ಹೀಟರಿಗೆ ಹೊಗೆ ಕೊಳವೆ ಇದೆಯೇ ಎಂದು ಕೇಳಿ ತಿಳಿಯಬೇಕು. ಕೊಳವೆಯಿಲ್ಲದ ಹೀಟರ್ ಚಳಿ ಹೆಚ್ಚಾದ ಹೊತ್ತಿಗಷ್ಟೇ; ಕಿಟಕಿ ಕೊಂಚ ತೆರೆದಿಟ್ಟು ಬಳಸಬೇಕು, ಹಚ್ಚಿಟ್ಟು ಮಲಗಬಾರದು. ಕೊಡಗು, ಚಿಕ್ಕಮಗಳೂರಿನ ಚಳಿಗೆ ಕೋಣೆಯೊಳಗೆ, ಡೇರೆಯೊಳಗೆ ಇಡುವ ಕೆಂಡದ ಅಗ್ಗಿಷ್ಟಿಕೆಗೂ ಈ ಮಾತು ಅನ್ವಯ. ಕೆಂಡವಂತೂ ಕೊನೆತನಕ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತಲೇ ಇರುತ್ತದೆ.

ಎಚ್ಚರ ತಪ್ಪಿದರೆ

ಬಚ್ಚಲಿಗೆ ಹೋದವರು ಕರೆದರೆ ಓಗೊಡದಿದ್ದಾಗ ಬಾಗಿಲು ಮುರಿಯಲು ಹಿಂದೆಮುಂದೆ ನೋಡಬಾರದು. ಉಸಿರು ಬಿಗಿಹಿಡಿದು ಒಳಹೋಗಿ, ಗೀಸರ್ ಆರಿಸಿ, ಬಿದ್ದವರನ್ನು ಬಯಲಿಗೆ ಎಳೆತರಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು, ಉಸಿರಾಟ ನಿಂತಿದ್ದರೆ ಎದೆ ಒತ್ತುವ ಸಿಪಿಆರ್ ಶುರುಮಾಡಬೇಕು. ಎಲ್‌ಪಿಜಿ ಸೋರಿಕೆಯಾದರೆ ಕರೆ ಮಾಡಬೇಕಾದ ಸಂಖ್ಯೆ 1906.

ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು: ಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸುವುದರಿಂದ ಅದರ ಅಂಕಿ ಸಹಜವಾಗಿಯೇ ಕಾಣಬಹುದು. ನಿಜ ತಿಳಿಯುವುದು ಕಾರ್ಬಾಕ್ಸಿ ಹಿಮೋಗ್ಲೋಬಿನ್ ಅಳೆಯುವ ರಕ್ತ ಪರೀಕ್ಷೆಯಿಂದ. ಮಾಮೂಲಿ ಗಾಳಿಯಲ್ಲಿ ಈ ವಿಷದ ಅರ್ಧದಷ್ಟು ರಕ್ತದಿಂದ ಇಳಿಯಲು ನಾಲ್ಕೈದು ಗಂಟೆ ಬೇಕು; ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡವರಲ್ಲೂ ಕೆಲವರಿಗೆ ದಿನಗಳ ಅಥವಾ ವಾರಗಳ ನಂತರ ಮರೆವು, ನಡಿಗೆಯ ತೊಡಕು, ಸ್ವಭಾವದ ಏರುಪೇರು ಕಾಣಿಸಿಕೊಳ್ಳಬಹುದು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕೆಲವು ವಾರ ಅವರ ಮೇಲೆ ಕಣ್ಣಿಟ್ಟು, ಇಂಥ ಲಕ್ಷಣ ಕಂಡರೆ ನರರೋಗ ತಜ್ಞರಿಗೆ ತೋರಿಸಬೇಕು. ತಂತ್ರಜ್ಞರು ನೋಡಿ ಗೀಸರಿನ ಜಾಗ ಬದಲಾಯಿಸುವವರೆಗೆ ಆ ಗೀಸರನ್ನು ಮತ್ತೆ ಹೊತ್ತಿಸಬಾರದು.